ಮನೆ ಮನೆಗೂ ನಿಲ್ಲುವ ವ್ಯಾನು: ಕಾರಿಲ್ಲದೆ ಮಂಗೋಲಿಯಾ

ಮಂಗೋಲಿಯಾದಲ್ಲಿ ಸ್ವಂತಕ್ಕೊಂದು ವಾಹನವಿಲ್ಲದೆ ಓಡಾಡುವುದು ಆಗದ ಮಾತು ಅಂತ ಹೊರಡುವ ಮುಂಚೆ ಕೇಳಿದವರೆಲ್ಲ ಹೇಳಿದ್ದರು. ಜೀಪು, ಡ್ರೈವರು, ಅಡುಗೆಯವರು ಎಲ್ಲ ಸೇರಿದ ಟೂರ್ ತಗೊಳ್ಳಿ ಅನ್ನುವುದೇ ಎಲ್ಲರ ಸಲಹೆ. ಅವರು ಹೆದರಿದ್ದಕ್ಕೆ ಕಾರಣವೂ ಇದೆ. ಸುಮಾರು 15.6 ಲಕ್ಷ ಚದರ ಕಿಲೋಮೀಟರಿನ ದೇಶ, ಜನ ನೋಡಿದರೆ 35 ಲಕ್ಷದ ಆಸುಪಾಸು. ಅದರಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ರಾಜಧಾನಿ ಉಲಾನ್‌ಬಾತರ್ ಒಂದರಲ್ಲೇ ಇದ್ದಾರೆ. ಮುಖ್ಯ ರೈಲು ದಾರಿ ಇರುವುದು ಒಂದೇ, ರಷ್ಯಾ ಗಡಿಯಿಂದ ಚೀನಾ ಗಡಿಗೆ. ನನಗೆ ಹೋಗಬೇಕಿದ್ದದ್ದು ಪಶ್ಚಿಮಕ್ಕೆ, ಅರ್ಹಂಗಾಯ್ ಪ್ರಾಂತ್ಯದ ತೆರ್ಹಿನ್ ತ್ಸಗಾನ್ ಸರೋವರಕ್ಕೆ.

ಪ್ರಾಂತ್ಯದ ಕೇಂದ್ರವಾದ ತ್ಸೆತ್ಸೆರ್ಲೆಗ್‌ವರೆಗೆ ಕಷ್ಟವೇನಿಲ್ಲ. ರಾಜಧಾನಿಯ ಪಶ್ಚಿಮ ತುದಿಯ ಡ್ರ್ಯಾಗನ್ ನಿಲ್ದಾಣದಿಂದ ಬಸ್ಸಿದೆ. ದಾರಿಯ ಖಾನಾವಳಿಯಲ್ಲಿ ಕೊಟ್ಟ ಕುರಿಮಾಂಸದ ತ್ಸುಯಿವಾನ್ ಎಂಬ ನೂಡಲ್ಸ್ ನನಗೆ ಸೇರಲಿಲ್ಲ, ಬರೀ ಕೊಬ್ಬು. ಆದರೆ ಉಪ್ಪು ಹಾಕಿದ ಹಾಲಿನ ಚಹಾ ಮಾತ್ರ ಎಷ್ಟು ಬಟ್ಟಲು ಕುಡಿದರೂ ಸಾಕೆನಿಸಲಿಲ್ಲ.

ತ್ಸೆತ್ಸೆರ್ಲೆಗ್‌ನಿಂದ ಸರೋವರದ ಪಕ್ಕದ ತಾರಿಯಾತ್ ಊರಿಗೆ ಸುಮಾರು 180 ಕಿಲೋಮೀಟರು. ಅಲ್ಲಿಗೆ ಹೋಗುವುದು ಮಾರುಕಟ್ಟೆಯ ಹತ್ತಿರ ನಿಂತಿರುವ ಬೂದು ಬಣ್ಣದ ರಷ್ಯನ್ ವ್ಯಾನು. ಉಲ್ಯಾನೊವ್‌ಸ್ಕ್ ಕಾರ್ಖಾನೆಯಲ್ಲಿ 1965ರಿಂದ ತಯಾರಾಗುತ್ತಿರುವ ಮಾದರಿ ಅದು; ಇಲ್ಲಿಯವರು ಪುರ್ಗೊನ್ ಅನ್ನುತ್ತಾರೆ. ನಾಲ್ಕೂ ಚಕ್ರಕ್ಕೆ ಎಳೆತ, ಒಳಗೆ ಎಲೆಕ್ಟ್ರಾನಿಕ್ಸ್ ಹೆಚ್ಚಿಲ್ಲ. ಹಾಗಾಗಿ ಏನು ಕೆಟ್ಟರೂ ಸ್ಪ್ಯಾನರ್ ಹಿಡಿದು ಡ್ರೈವರೇ ಬಿಚ್ಚಿ ಜೋಡಿಸುತ್ತಾನೆ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಹೊರಡುತ್ತದೆ ಎಂದು ನಾನು ಉಳಿದಿದ್ದ ವಸತಿಗೃಹದವರು ಹೇಳಿ ಕಳಿಸಿದ್ದರು. ಒಂಬತ್ತಕ್ಕೆ ಅದರೊಳಗೆ ಇದ್ದದ್ದು ನಾನು ಮತ್ತು ಎರಡು ಮೂಟೆ ಹಿಟ್ಟು.

ವ್ಯಾನು ತುಂಬಿದ ಮೇಲೆ ಹೊರಡುತ್ತದೆ. ಅದೊಂದೇ ಇಲ್ಲಿಯ ವೇಳಾಪಟ್ಟಿ. ಮಧ್ಯಾಹ್ನದವರೆಗೆ ಜನ ಬಂದರು, ಸೀಟಿನ ಮೇಲೆ ಟೋಪಿಯನ್ನೋ ಚೀಲವನ್ನೋ ಇಟ್ಟು ಪೇಟೆಗೆ ಹೋದರು, ಮತ್ತೆ ಬಂದರು. ಪ್ರಯಾಣ ಮಾಡದವರು ಪೊಟ್ಟಣ ಮಾತ್ರ ತಂದು ಕೊಟ್ಟರು. ಪೊಟ್ಟಣದ ಮೇಲೆ ವಿಳಾಸವಿಲ್ಲ, ಒಂದು ಫೋನ್ ನಂಬರು ಅಷ್ಟೆ. ಮೋಟಾರ್‌ಸೈಕಲ್ಲಿನ ಟೈರು, ಔಷಧಿ, ಶಾಲೆಯ ಪುಸ್ತಕ, ಒಲೆಯ ಕೊಳವೆ. ಹೊರಟಾಗ ಸಂಜೆ ನಾಲ್ಕು ದಾಟಿತ್ತು. ಸೀಟುಗಳ ಎರಡರಷ್ಟು ಮಂದಿ ಒಳಗಿದ್ದೆವು. ನನ್ನ ಮಡಿಲಲ್ಲಿ ಯಾರದೋ ಮಗು, ಕಾಲಡಿ ಆ ಟೈರು.

ಪಕ್ಕದಲ್ಲಿ ಕೂತಿದ್ದ ಅಜ್ಜಿ, ಉಲಾನ್‌ಬಾತರ್‌ನಲ್ಲಿ ಓದುತ್ತಿದ್ದ ಮೊಮ್ಮಗಳ ಬಾಯಿಂದ ನನ್ನನ್ನು ವಿಚಾರಿಸಿಕೊಂಡರು.

"ಅಕ್ಕಾ, ಅಜ್ಜಿ ಕೇಳ್ತಿದ್ದಾರೆ, ಹೊರದೇಶದವರೆಲ್ಲ ಜೀಪಲ್ಲಿ ಹೋಗ್ತಾರೆ, ನೀವ್ಯಾಕೆ ಹೋಗಲಿಲ್ಲ ಅಂತ."

"ಒಬ್ಬಳಿಗೇ ಒಂದು ಜೀಪು ತಗೊಳ್ಳೋಕೆ ತುಂಬಾ ದುಬಾರಿ" ಅಂದೆ.

ಅಜ್ಜಿ ತಲೆಯಾಡಿಸಿದರು, ಅವರಿಗೆ ಉತ್ತರ ಸಾಕಾಗಲಿಲ್ಲ. "ದುಡ್ಡಿದ್ದರೂ ಬೇಡ ಅಂತಿದ್ದಾರೆ. ಕೆಸರಲ್ಲಿ ಗಾಡಿ ಹೂತುಕೊಂಡರೆ ತಳ್ಳೋಕೆ ಜನ ಬೇಕಲ್ಲ."

ಆಮೇಲೆ ಅವರು ತಮ್ಮ ಕತೆ ಹೇಳಿದರು. 2009-10ರ ಚಳಿಗಾಲದಲ್ಲಿ ಬಂದ ಝುದ್ ಎಂಬ ಕಡುಚಳಿಯ ವಿಪತ್ತಿನಲ್ಲಿ ಮಂಗೋಲಿಯಾದ ಎಂಬತ್ತು ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಬೇಸಿಗೆಯಲ್ಲಿ ಮಳೆಯಿಲ್ಲದೆ ಹುಲ್ಲು ಕಡಿಮೆ, ಮೇಲಿಂದ ಹಿಮ ಗಟ್ಟಿಯಾಗಿ ಮೇವು ಕೈಗೆ ಸಿಗದು, ಚಳಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ. ಅಜ್ಜಿಯ ದೊಡ್ಡ ಮಗನ ಹಿಂಡಿನಲ್ಲಿ ಕುರಿ ಮೇಕೆ ಒಂದೂ ಉಳಿಯಲಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅವನು ರಾಜಧಾನಿಯ ಅಂಚಿಗೆ, ಗೆರ್ ಅನ್ನುವ ದುಂಡನೆಯ ಗುಡಾರಮನೆಗಳ ಬಡಾವಣೆಗೆ ಹೋದ. ಈ ಮೊಮ್ಮಗಳು ಬೆಳೆದದ್ದು ಅಲ್ಲೇ. ಚಿಕ್ಕ ಮಗ ಮಾತ್ರ ಹುಲ್ಲುಗಾವಲಲ್ಲೇ ಉಳಿದ. ಚಳಿಗಾಲಕ್ಕೆ ದೊಡ್ಡವನ ಮನೆ, ಬೇಸಿಗೆಗೆ ಚಿಕ್ಕವನ ಮನೆ. ನಡುವೆ ಅಜ್ಜಿಗೆ ಇರುವ ದಾರಿ ಈ ಬಸ್ಸು ಮತ್ತು ಈ ವ್ಯಾನು.

"ಚಿಕ್ಕಪ್ಪನ ಮನೆ ತಾರಿಯಾತ್‌ನಲ್ಲೇ ಇದೆಯಾ?" ಅಂತ ಕೇಳಿದೆ.

ಮೊಮ್ಮಗಳು ನಕ್ಕಳು. "ಹೋದ ವರ್ಷ ಎಲ್ಲಿತ್ತು ಅಂತ ಗೊತ್ತು ಅಕ್ಕಾ. ಈ ಸಲ ಎಲ್ಲಿ ಹಾಕಿದ್ದಾರೆ ಅನ್ನೋದು ಡ್ರೈವರ್ ಅಣ್ಣನಿಗೇ ಗೊತ್ತು."

ಅದು ನಿಜವೇ ಆಗಿತ್ತು. ಋತು ಬದಲಾದ ಹಾಗೆ ಗೆರ್‌ಗಳನ್ನು ಕಳಚಿ ಬೇರೆ ಕಣಿವೆಯಲ್ಲಿ ಹಾಕುತ್ತಾರೆ. ಯಾರ ಗೆರ್ ಈ ತಿಂಗಳು ಯಾವ ತೊರೆಯ ಪಕ್ಕ ಅನ್ನುವ ಲೆಕ್ಕವೆಲ್ಲ ಡ್ರೈವರನ ತಲೆಯಲ್ಲಿ. ಗೊತ್ತಿಲ್ಲದಿದ್ದರೆ ಸಿಗ್ನಲ್ ಸಿಗುವ ದಿಬ್ಬ ಹತ್ತಿ ಪೊಟ್ಟಣದ ಮೇಲಿನ ನಂಬರಿಗೆ ಫೋನ್ ಮಾಡುತ್ತಾನೆ. ಚುಲೂತ್ ನದಿಯ ಕೊರಕಲು ದಾಟಿದ ಮೇಲೆ ರಸ್ತೆ ಬಿಟ್ಟು ಹುಲ್ಲಿನ ಮೇಲೇ ವ್ಯಾನು ತಿರುಗಿಸಿದ. ನನ್ನ ಕಾಲಡಿಯ ಟೈರು ಒಂದು ಗೆರ್‌ನಲ್ಲಿ ಇಳಿಯಿತು, ಔಷಧಿ ಇನ್ನೊಂದರಲ್ಲಿ. ಪ್ರತಿ ಸಲವೂ ಮುಖ್ಯ ದಾರಿಯಿಂದ ದೂರ ಹೋಗಿ ಮರಳಿ ಬರಬೇಕು. ರಾತ್ರಿಯಾಗುತ್ತಿದ್ದರೂ ಒಳಗಿದ್ದವರಲ್ಲಿ ಒಬ್ಬರೂ ಗೊಣಗಲಿಲ್ಲ. ಗೆರ್‌ನವರು ಕೊಟ್ಟ ಒಣಗಿದ ಮೊಸರಿನ ಆರೂಲ್ ಕೈಯಿಂದ ಕೈಗೆ ಸಾಗಿ ಹಿಂದಿನ ಸೀಟಿನವರೆಗೂ ಬಂತು. ಕಲ್ಲಿನಷ್ಟು ಗಟ್ಟಿ, ಹುಳಿ; ನನಗೆ ಬಹಳ ಹಿಡಿಸಿತು. ದಾರಿಬದಿಯ ಕಲ್ಲುರಾಶಿಯ ಓವೂ ಎದುರಾದಾಗಲೆಲ್ಲ ಡ್ರೈವರು ಮೂರು ಸಲ ಹಾರ್ನ್ ಹೊಡೆಯುತ್ತಿದ್ದ, ಅಜ್ಜಿ ಕೈ ಮುಗಿಯುತ್ತಿದ್ದರು.

ಜೀಪಿನಲ್ಲಿ ಹೋದವರಿಗೆ ಸರೋವರ ಬೇಗ ಸಿಗುತ್ತದೆ, ನಿಜ. ಆದರೆ ಮನುಷ್ಯರೇ ಇಲ್ಲ ಎಂದು ಅವರು ಹೇಳುವ ಆ ಬಯಲಿನಲ್ಲಿ ಯಾರು ಯಾರಿಗೆ ಏನಾಗಬೇಕು, ಯಾರ ಮನೆಗೆ ಯಾರು ಔಷಧಿ ಕಳಿಸಿದರು ಅನ್ನುವುದೆಲ್ಲ ನನಗೆ ಕಂಡದ್ದು ಆ ಇಕ್ಕಟ್ಟಿನ ವ್ಯಾನಿನಿಂದ. ಅಜ್ಜಿಯನ್ನು ಚಿಕ್ಕ ಮಗನ ಗೆರ್ ಬಾಗಿಲಲ್ಲೇ ಇಳಿಸಿದರು. ಹಿಟ್ಟಿನ ಮೂಟೆಗಳೂ ಅವರವೇ.

ಸರೋವರ ಚೆನ್ನಾಗಿದೆ. ಖೋರ್ಗೊ ಜ್ವಾಲಾಮುಖಿಯ ಲಾವಾ ನದಿಗೆ ಅಡ್ಡ ನಿಂತು ಆದದ್ದು. ಕುಳಿಯ ಅಂಚಿನವರೆಗೆ ನಡೆದು ಹತ್ತಬಹುದು.

ಮರಳುವಾಗಿನ ಅನುಭವ ಮಾತ್ರ ಇನ್ನೂ ಸಿಟ್ಟು ತರಿಸುತ್ತದೆ. ಆ ಸಲ ಸಿಕ್ಕಿದ್ದು ಬೇರೆ ಡ್ರೈವರು, ಸಣ್ಣ ಕಾರು. ನನ್ನೊಬ್ಬಳಿಂದ ಮಾತ್ರ ಮುಂಗಡವಾಗಿ ಪೂರ್ತಿ ಬಾಡಿಗೆ ವಸೂಲಿ ಮಾಡಿ, ತ್ಸೆತ್ಸೆರ್ಲೆಗ್‌ನ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ಚೀಲ ಇಳಿಸಿ ಹೊರಟುಬಿಟ್ಟ. ಮಾತಾಗಿದ್ದದ್ದು ಬಸ್ ನಿಲ್ದಾಣದವರೆಗೆ. ಜೊತೆಗೆ ಬಂದಿದ್ದ ಹೆಂಗಸೊಬ್ಬರು ಅವನನ್ನು ಚೆನ್ನಾಗಿ ಬೈದು, ತಮ್ಮ ಅಣ್ಣನಿಗೆ ಫೋನ್ ಮಾಡಿ ಮೋಟಾರ್‌ಸೈಕಲ್ ತರಿಸಿದರು. ಹಾಗಾಗಿ ಹೋಗುವವರು ಇಷ್ಟು ನೆನಪಿಡಿ: ಸ್ಥಳೀಯರು ಯಾವಾಗ ದುಡ್ಡು ಕೊಡುತ್ತಾರೋ ಆಗಲೇ ಕೊಡಿ, ಅದು ಸಾಮಾನ್ಯವಾಗಿ ಇಳಿಯುವಾಗ. ಹೊರಡುವ ಮುಂಚೆ ಗಾಡಿಯ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ನೀರು, ಬೆಚ್ಚನೆಯ ಅಂಗಿ ಚೀಲದ ತಳದಲ್ಲಿರದೆ ಕೈಗೆ ಸಿಗುವಂತಿರಲಿ. ಜುಲೈ 11ರಿಂದ 13ರ ನಾದಮ್ ಹಬ್ಬ ಮುಗಿದ ಕೂಡಲೇ ರಾಜಧಾನಿಗೆ ಹೋಗುವ ಬಸ್ಸುಗಳಿಗೆ ನೂಕುನುಗ್ಗಲು. ನಾನು ನಿಲ್ದಾಣ ಮುಟ್ಟುವ ಹೊತ್ತಿಗೆ ಅಂದಿನ ಟಿಕೆಟ್ಟುಗಳೆಲ್ಲ ಖಾಲಿಯಾಗಿ, ರಾತ್ರಿ ಅಲ್ಲೇ ಉಳಿಯಬೇಕಾಯಿತು.