ನಿಶಾತ್ ನೋಡಲು ಟ್ಯಾಕ್ಸಿ ಬೇಡ

ಹುಟ್ಟೂರು ಮೈಸೂರು, ಓದುತ್ತಿರುವುದು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್. ಕೆಆರ್‌ಎಸ್‌ನ ಬೃಂದಾವನಕ್ಕೆ ಕಾಶ್ಮೀರದ ಶಾಲಿಮಾರ್ ಮಾದರಿ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಮೂಲವನ್ನೇ ನೋಡಿಬಿಡೋಣ ಎಂದು ಅಕ್ಟೋಬರ್ ಕೊನೆಯಲ್ಲಿ ಶ್ರೀನಗರಕ್ಕೆ ಹೋದೆ. ಮೊದಲ ದಿನವೇ ಟೋಪಿ ಬಿತ್ತು.

2,500 ರೂಪಾಯಿಗೆ ಮೊಘಲ್ ಉದ್ಯಾನಗಳನ್ನೆಲ್ಲ ತೋರಿಸುತ್ತೇನೆ ಎಂದ ಟ್ಯಾಕ್ಸಿಯವನು ಚಶ್ಮೆ ಶಾಹಿ, ಪರಿ ಮಹಲ್, ನಿಶಾತ್, ಶಾಲಿಮಾರ್ ನಾಲ್ಕನ್ನೂ ಊಟದ ಹೊತ್ತಿಗೆ ಮುಗಿಸಿದ. ಒಂದೊಂದಕ್ಕೆ ಇಪ್ಪತ್ತು ನಿಮಿಷ. ನಿಶಾತ್‌ನಲ್ಲಿ ಪೆನ್ಸಿಲ್ ಚೂಪು ಮಾಡಿಕೊಳ್ಳುವಷ್ಟರಲ್ಲಿ ಹಾರ್ನ್ ಕೇಳಿಸಿತು. ಆಮೇಲೆ ಶಾಲು ಮಾರುವ ಅಂಗಡಿಯೊಂದರಲ್ಲಿ ಒಂದೂವರೆ ಗಂಟೆ ಕೂರಿಸಿದ. ಅಲ್ಲಿ ಮಾತ್ರ ಅವನಿಗೆ ಅವಸರವಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಒಬ್ಬಳೇ ನಿಶಾತ್‌ಗೆ ಹೋದೆ. ನೂರ್ ಜಹಾನಳ ಅಣ್ಣ ಆಸಿಫ್ ಖಾನ್ 1633ರಲ್ಲಿ ಮಾಡಿಸಿದ ತೋಟ ಇದು. ಜಬರ್ವಾನ್ ಬೆಟ್ಟದ ಬುಡದಿಂದ ದಾಲ್ ಸರೋವರದ ಕಡೆಗೆ ಹನ್ನೆರಡು ರಾಶಿಗಳ ಲೆಕ್ಕದಲ್ಲಿ ಹನ್ನೆರಡು ಜಗಲಿಗಳಾಗಿ ಇಳಿಯುತ್ತದೆ. ಆ ದಿನ ನಡುಗಾಲುವೆಗೆ ನೀರನ್ನೇ ಬಿಟ್ಟಿರಲಿಲ್ಲ. ಇಷ್ಟು ದೂರ ಬಂದದ್ದು ಇದಕ್ಕಾ ಎಂದು ಸಿಟ್ಟು ಬಂತು. ಆಗ ಕಣ್ಣಿಗೆ ಬಿದ್ದದ್ದು ಚಾದರ್, ಅಂದರೆ ಮೇಲಿನ ಜಗಲಿಯ ನೀರನ್ನು ಕೆಳಕ್ಕೆ ಇಳಿಸುವ ಓರೆ ಕಲ್ಲಿನ ಹಾಸು. ಒಣಗಿದ ಆ ಕಲ್ಲಿನ ತುಂಬ ಉಬ್ಬುತಗ್ಗಿನ ಕೆತ್ತನೆ. ಅಂಗೈ ಆಡಿಸಿದರೆ ತುರಿಮಣೆಯಷ್ಟು ಒರಟು. ಬೆರಳು ದಪ್ಪದಷ್ಟು ನೀರು ಹರಿದರೂ ಸಾಕು, ಆ ಉಬ್ಬುಗಳಿಗೆ ಬಡಿದು ಒಡೆದು ಬೆಳ್ಳಗೆ ನೊರೆಯಾಗುತ್ತದೆ. ಪಂಪಿಲ್ಲದ ಕಾಲದಲ್ಲಿ ಬೆಟ್ಟದ ಇಳಿಜಾರು ಮತ್ತು ಉಳಿಯ ಕೆಲಸ, ಎರಡರಲ್ಲೇ ಜಲಪಾತವಾಗಿದೆ. ನೀರು ಹರಿಯುತ್ತಿದ್ದರೆ ನಾನೂ ಎಲ್ಲರಂತೆ ಸೆಲ್ಫಿ ತೆಗೆದುಕೊಂಡು ಬರುತ್ತಿದ್ದೆನೇನೋ.

ಜಹಾಂಗೀರನ ಶಾಲಿಮಾರ್‌ನಲ್ಲಿ ಜಲಪಾತದ ಹಿಂದಿನ ಗೋಡೆಯಲ್ಲಿರುವ ಸಾಲು ಗೂಡುಗಳನ್ನು ನೋಡದೆ ಬರಬೇಡಿ. ಹಿಂದೆ ಅಲ್ಲಿ ಹಗಲು ಹೂದಾನಿ, ರಾತ್ರಿ ದೀಪ ಇಡುತ್ತಿದ್ದರು. ನಮ್ಮ ಬೃಂದಾವನದ ಬಣ್ಣದ ದೀಪಗಳ ಅಜ್ಜಿ ಅದು, ಅಜ್ಜಿಯೇ ಚೆಲುವೆ. ಆದರೆ ನಾನು ಹೋದಾಗ ಅಲ್ಲಿ ಜನಜಂಗುಳಿ. ನನಗೆ ಜನಜಂಗುಳಿ ಆಗುವುದಿಲ್ಲ. ಒಂದೇ ದಿನವಿದ್ದರೆ ನಿಶಾತ್ ಸಾಕು.

ಊಟ ತಿಂಡಿಯ ವಿಷಯಕ್ಕೆ ಬಂದರೆ, ಸರೋವರದ ಬದಿಯ ಹೋಟೆಲುಗಳಿಗಿಂತ ಗಲ್ಲಿಯೊಳಗಿನ ಕಾಂದೂರ್, ಅಂದರೆ ರೊಟ್ಟಿ ಬೇಯಿಸುವವನ ಅಂಗಡಿ ಮೇಲು. ಬೆಳಗ್ಗೆ ಗಿರ್ದಾ ಸಿಗುತ್ತದೆ. ಹಿಟ್ಟನ್ನು ತಟ್ಟಿ, ಬೆರಳ ತುದಿಯಿಂದ ಸಾಲಾಗಿ ಒತ್ತಿ ತಂದೂರಿನ ಗೋಡೆಗೆ ಅಂಟಿಸುತ್ತಾರೆ. ಬೆಂದು ಬಂದಾಗ ಬೆರಳ ಗುರುತು ಹಾಗೇ ಇರುತ್ತದೆ, ಬೆಣ್ಣೆ ಹಚ್ಚಿದರೆ ಆ ಗುಳಿಗಳಲ್ಲೇ ಕರಗಿ ನಿಲ್ಲುತ್ತದೆ. ಜೊತೆಗೆ ಗುಲಾಬಿ ಬಣ್ಣದ ನೂನ್ ಚಾಯ್. ಉಪ್ಪು ಹಾಕಿದ ಚಹಾ, ಮೊದಲ ಗುಟುಕಿಗೆ ಮುಖ ಕಿವುಚಿದೆ, ಮೂರನೆಯ ದಿನ ಎರಡು ಲೋಟ ಕುಡಿದೆ. ಎರಡು ಗಿರ್ದಾ ಸೇರಿಸಿ ಒಮ್ಮೆಯೂ ಐವತ್ತು ರೂಪಾಯಿ ದಾಟಲಿಲ್ಲ. ಸಸ್ಯಾಹಾರಿಗಳು ನದ್ರು, ಅಂದರೆ ತಾವರೆ ದಂಟಿನ ಪಕೋಡ ಕೇಳಿ.

ಗುಲ್‌ಮಾರ್ಗ್‌ಗೂ ಹೋಗಿದ್ದೆ. ತೋಟ ನೋಡಲು ಹೋಗುವವರಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ.

ಇನ್ನೊಂದು ಮಾತು: ನಿಶಾತ್‌ನ ಬೆನ್ನಿಗೆ ಪೂರ್ವದ ಬೆಟ್ಟವಿರುವುದರಿಂದ ಬಿಸಿಲು ತಡವಾಗಿ ಬರುತ್ತದೆ. ಬೆಳಗ್ಗೆ ಚಿತ್ರ ಬರೆಯಲು ಕೂರುವುದಾದರೆ ಕೈಗವಸು ಇರಲಿ, ಬೆರಳ ತುದಿ ಕತ್ತರಿಸಿದ್ದು.