‘ಅಜ್ಜ ಹಡಗಿನಲ್ಲಿ ಅಡುಗೆಯವರಾಗಿದ್ದರು’ ಅಂತ ಬರೆಯಬಹುದಾ?

ಸ್ಯಾನ್ ಡಿಯಾಗೊ, ವರ್ಜೀನಿಯಾ ಬೀಚ್ ಕಡೆ ನೆಲೆಸಿರುವ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅಲ್ಲಿ ಫಿಲಿಪಿನೋ ಕುಟುಂಬಗಳು ನೆರೆಮನೆಯವರು, ಕೆಲವರಿಗೆ ಬೀಗರೂ ಹೌದು. ಆ ಮನೆಯ ಹಿರಿಯರು, ಅವರ ಮಾತಿನಲ್ಲಿ ‘ಲೋಲೊ’, ತೀರಿಕೊಂಡಾಗ ಮೊಮ್ಮಕ್ಕಳ ಜೊತೆ ಕೂತು ನಾಲ್ಕು ಮಾತು ಬರೆಯುವ ಹೊಣೆ ನಮ್ಮವರಿಗೂ ಬರುತ್ತದೆ. ‘ಅಮೆರಿಕದ ನೇವಿಯಲ್ಲಿ ಇಪ್ಪತ್ತು ವರ್ಷ’ ಎನ್ನುವವರೆಗೆ ಸಲೀಸು. ಏನು ಕೆಲಸ ಎನ್ನುವಲ್ಲಿ ಕೈ ತಡೆಯುತ್ತದೆ. ಸ್ಟೂವರ್ಡ್ ಎಂದರೆ ಅಧಿಕಾರಿಗಳಿಗೆ ಅಡುಗೆ ಮಾಡಿ ಬಡಿಸಿ, ಹಾಸಿಗೆ ಹಾಸಿ, ಕೋಣೆ ಗುಡಿಸುವವನು. ಬರೆದರೆ ಹಿರಿಯರಿಗೆ ಅವಮಾನವೇ?

ಬರೆಯಿರಿ. ಆದರೆ ಸೇರಿದ ಇಸವಿಯ ಜೊತೆಗೇ ಬರೆಯಿರಿ. ಇಸವಿ ಇಲ್ಲದಿದ್ದರೆ ಓದುವವರು ಅದನ್ನು ಅವರೇ ಆರಿಸಿಕೊಂಡ ಕೆಲಸ ಎಂದುಕೊಳ್ಳುತ್ತಾರೆ.

ಫಿಲಿಪ್ಪೀನ್ಸ್ 1898ರಲ್ಲಿ ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಹೋಯಿತು. 1901ರಲ್ಲಿ ಅಧ್ಯಕ್ಷ ಮೆಕಿನ್ಲಿ 500 ಫಿಲಿಪಿನೋಗಳನ್ನು ನೌಕಾಪಡೆಗೆ ಸೇರಿಸಿಕೊಳ್ಳಲು ಆದೇಶ ಹೊರಡಿಸಿದರು. ಆಗ ಫಿಲಿಪಿನೋಗಳು ಬಾಯ್ಲರ್ ಕೋಣೆಯಲ್ಲೂ ಇದ್ದರು. 1915ರ ಜನವರಿ 21ರಂದು ಯುಎಸ್‌ಎಸ್ ಸ್ಯಾನ್ ಡಿಯಾಗೊ ಹಡಗಿನಲ್ಲಿ ಬಾಯ್ಲರ್ ಸಿಡಿದಾಗ, ಹೊರಬಿದ್ದ ಫೈರ್‌ಮನ್ (ಬಾಯ್ಲರ್ ನೋಡಿಕೊಳ್ಳುವ ನಾವಿಕ) ಟೆಲೆಸ್ಫೊರೊ ಟ್ರಿನಿಡಾಡ್ ಮತ್ತೆ ಒಳನುಗ್ಗಿ ಗಾಯಾಳುವನ್ನು ಎತ್ತಿ ತಂದರು, ಮುಖ ಸುಟ್ಟುಕೊಂಡ ಮೇಲೂ ಇನ್ನೊಬ್ಬನನ್ನು ಉಳಿಸಲು ಕೈಜೋಡಿಸಿದರು. ಅವರಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಬಂತು. ಮೊದಲ ಮಹಾಯುದ್ಧದ ನಂತರ ಹೊಸದಾಗಿ ಸೇರಿದ ಫಿಲಿಪಿನೋಗಳಿಗೆ ಊಟದ ಕೋಣೆಯೊಂದೇ ಗತಿಯಾಯಿತು. 1946ರಲ್ಲಿ ದೇಶ ಸ್ವತಂತ್ರವಾಯಿತು, 1947ರ ಸೇನಾನೆಲೆಗಳ ಒಪ್ಪಂದದಲ್ಲಿ ನೇಮಕಾತಿಯ ಹಕ್ಕು ಅಮೆರಿಕಕ್ಕೇ ಉಳಿಯಿತು. 1954ರಿಂದ ವರ್ಷಕ್ಕೆ 2,000 ಮಂದಿಯವರೆಗೆ ಸೇರಿಸಿಕೊಳ್ಳುವ ಅವಕಾಶವಿತ್ತು. ಕವಿಟೆ ಪ್ರಾಂತ್ಯದ ಸ್ಯಾಂಗ್ಲಿ ಪಾಯಿಂಟ್‌ನಲ್ಲಿ ಪರೀಕ್ಷೆಗೆ ಸಾಲು ನಿಂತವರಲ್ಲಿ ಕಾಲೇಜು ಓದಿದವರೂ ಇದ್ದರು. ಗೆದ್ದವರ ಕೈಗೆ ಸಿಕ್ಕಿದ್ದು ಬಿಳಿ ಜಾಕೆಟ್ಟು, ತಟ್ಟೆ.

1971ರಲ್ಲಿ ಆ ಬೇಲಿ ಕಿತ್ತುಹೋಯಿತು. ಅರ್ಹತೆ ಇದ್ದವರಿಗೆ ಬೇರೆ ವಿಭಾಗಗಳೂ ತೆರೆದವು. ಹಾಗಾಗಿ ಮನೆಯಲ್ಲಿರುವ ಬಿಡುಗಡೆ ಪತ್ರ, ಅಂದರೆ ‘ಡಿಡಿ 214’, ಓದುವಾಗ ಹುದ್ದೆಯ ಅಕ್ಷರ ಗಮನಿಸಿ. ಟಿಎನ್ ಎಂದರೆ ಸ್ಟೂವರ್ಡ್ಸ್‌ಮನ್, ಎಸ್‌ಡಿ ಎಂದರೆ ಸ್ಟೂವರ್ಡ್. 1975ರಿಂದ ಸ್ಟೂವರ್ಡರನ್ನೂ ಸಾಮಾನ್ಯ ನಾವಿಕರ ಅಡುಗೆಯವರನ್ನೂ ಒಂದುಗೂಡಿಸಿ ಎಂಎಸ್ ಎಂಬ ಒಂದೇ ಹುದ್ದೆ ಮಾಡಿದರು. ಡಿಕೆ ಸಂಬಳದ ಲೆಕ್ಕ, ಪಿಎನ್ ಸಿಬ್ಬಂದಿಯ ಕಡತ, ಎಸ್‌ಕೆ ಉಗ್ರಾಣ. ಟಿಎನ್ ಆಗಿ ಸೇರಿ ಡಿಕೆ ಆಗಿ ನಿವೃತ್ತರಾದವರು ತಮ್ಮ ಒಂದೇ ಸೇವೆಯಲ್ಲಿ ಆ ಬದಲಾವಣೆಯನ್ನು ದಾಟಿ ಬಂದವರು. ಅದು ಖಂಡಿತ ಒಂದು ವಾಕ್ಯಕ್ಕೆ ಯೋಗ್ಯ. ಯುದ್ಧದ ಗಂಟೆ ಬಾರಿಸಿದಾಗ ಸ್ಟೂವರ್ಡನಿಗೂ ನಿಗದಿಯಾದ ಜಾಗವಿರುತ್ತಿತ್ತು, ಎಷ್ಟೋ ಸಲ ಮದ್ದುಗುಂಡು ಸಾಗಿಸುವ ಕಡೆ. ‘ಗಂಟೆ ಹೊಡೆದರೆ ನಿಮ್ಮ ಜಾಗ ಎಲ್ಲಿ’ ಎಂದು ಬದುಕಿರುವ ಹಿರಿಯರನ್ನು ಈಗಲೇ ಕೇಳಿಟ್ಟುಕೊಳ್ಳಿ.

ಪತ್ರ ಕಳೆದುಹೋಗಿದ್ದರೆ ಹತ್ತಿರದ ಬಂಧುಗಳು ‘ಎಸ್‌ಎಫ್ 180’ ಅರ್ಜಿ ತುಂಬಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಕಳಿಸಬೇಕು. 1973ರ ಬೆಂಕಿಯಲ್ಲಿ ಎಲ್ಲ ಸುಟ್ಟಿತು ಎಂದು ಕೈಚೆಲ್ಲಬೇಡಿ. ಆಗ ಸುಟ್ಟದ್ದು ಭೂಸೇನೆ, ವಾಯುಸೇನೆಯ ಕಡತಗಳು, ನೌಕಾಪಡೆಯವಲ್ಲ.

ಹೆಚ್ಚು ಜನ ಎಡವುವ ಇನ್ನೊಂದು ಕಡೆ ಇದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಕೈಕೆಳಗೆ ಹೋರಾಡಿದ ಫಿಲಿಪ್ಪೀನ್ಸ್ ಸೇನೆಯವರ ಸವಲತ್ತುಗಳನ್ನು 1946ರ ಕಾನೂನು ಕಿತ್ತುಕೊಂಡಿತು. 2009ರಲ್ಲಷ್ಟೇ ಅಮೆರಿಕದ ಪೌರರಾದವರಿಗೆ 15,000 ಡಾಲರ್, ಉಳಿದವರಿಗೆ 9,000 ಡಾಲರ್ ಕೊಟ್ಟರು. ಅದು ದೊಡ್ಡ ಅನ್ಯಾಯ, ಆದರೆ ಅಮೆರಿಕದ ನೌಕಾಪಡೆಗೇ ಸೇರಿದ ನಮ್ಮ ಲೋಲೊನ ಕಥೆ ಅದಲ್ಲ. ಎರಡನ್ನೂ ಬೆರೆಸಬೇಡಿ. ‘ಸೇರಿದ ಕೂಡಲೇ ಸಿಟಿಜನ್ ಆದರು’ ಎಂಬ ಮನೆಮಾತೂ ಸರಿಯಲ್ಲ. ವಿಯೆಟ್ನಾಂ ಯುದ್ಧಕಾಲದ ಸೇವೆಯಿಂದ ಪೌರತ್ವ ಸಿಗುತ್ತಿತ್ತು ನಿಜ. ಆದರೆ ಫಿಲಿಪ್ಪೀನ್ಸ್ ನೆಲದಲ್ಲಿ ಸಹಿ ಹಾಕಿದವರಿಗೆ ಅದಷ್ಟೇ ಸಾಲದು, ಅಮೆರಿಕದ ನೆಲದಲ್ಲಿದ್ದಾಗ ಸೇವೆ ಮುಂದುವರಿಸಲು ಹಾಕಿದ ಮರುಸಹಿ ಲೆಕ್ಕಕ್ಕೆ ಬರುತ್ತಿತ್ತು. ಆ ತಾರೀಖು, ಊರು ಹುಡುಕಿ.

‘ಒಳ್ಳೆಯ ಸಂಸಾರಸ್ಥ’ ಎಂಬ ಮಾತು ಎಲ್ಲ ನಿಧನವಾರ್ತೆಗಳಲ್ಲೂ ಇರುತ್ತದೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ನಾವಿಕನ ಸಂಸಾರಪ್ರೀತಿ ಅಂಕಿಗಳಲ್ಲಿ ಕಾಣುತ್ತದೆ. ಸಂಬಳದಿಂದ ಕಡಿತವಾಗಿ ನೇರ ಮನೆಗೆ ಹೋಗುವ ಹಣಕ್ಕೆ ‘ಅಲಾಟ್‌ಮೆಂಟ್’ ಎನ್ನುತ್ತಾರೆ. ಅದು ಯಾರ ಹೆಸರಿಗೆ ಹೋಗುತ್ತಿತ್ತು? ಯಾವ ತಮ್ಮನ, ಯಾವ ತಂಗಿಯ ಓದು ಅದರಲ್ಲಿ ಮುಗಿಯಿತು? ಆರಾರು ತಿಂಗಳ ಸಮುದ್ರಯಾನದಲ್ಲಿ ಯಾವ ಮಗು ಹುಟ್ಟಿದಾಗ ಅವರು ಮನೆಯಲ್ಲಿರಲಿಲ್ಲ? ಪೌರತ್ವ ಬಂದ ಮೇಲೆ ಯಾರನ್ನೆಲ್ಲ ಅಮೆರಿಕಕ್ಕೆ ಕರೆಸಿಕೊಳ್ಳಲು ಅರ್ಜಿ ಹಾಕಿದರು? ಫಿಲಿಪ್ಪೀನ್ಸ್‌ನ ಒಡಹುಟ್ಟಿದವರ ಸರದಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಎಳೆಯುತ್ತದೆ. ಅರ್ಜಿಯ ವರ್ಷ, ತಂಗಿ ವಿಮಾನ ಇಳಿದ ವರ್ಷ ಎರಡನ್ನೂ ಅಕ್ಕಪಕ್ಕ ಬರೆದರೆ ಸಾಕು, ಬೇರೆ ವಿಶೇಷಣ ಬೇಡ.

ಸಂಸ್ಕಾರದ ದಿನಕ್ಕೆ ಡಿಡಿ 214ರ ಪ್ರತಿಯನ್ನು ಅಂತ್ಯಕ್ರಿಯೆ ನಡೆಸುವವರಿಗೆ ಬೇಗ ಕೊಡಿ. ಅದಿಲ್ಲದೆ ಗೌರವ ಪಡೆ ಬರುವುದು ಕಷ್ಟ. 2000ದಿಂದ ಕನಿಷ್ಠ ಇಬ್ಬರು ಸಮವಸ್ತ್ರಧಾರಿಗಳು, ಅವರಲ್ಲೊಬ್ಬರು ನೌಕಾಪಡೆಯವರು, ಬಂದು ಧ್ವಜ ಮಡಚಿ ಕೊಡುತ್ತಾರೆ, ತುತ್ತೂರಿಯಲ್ಲಿ ‘ಟ್ಯಾಪ್ಸ್’ ಎಂಬ ವಿದಾಯದ ರಾಗ ಕೇಳಿಸುತ್ತಾರೆ. ಆ ಧ್ವಜದ ಅಳತೆ 5 ಅಡಿ, 9.5 ಅಡಿ. ಅದನ್ನಿಡಲು ತ್ರಿಕೋನದ ಗಾಜಿನ ಪೆಟ್ಟಿಗೆ ಕೊಳ್ಳುವವರು ಸಾಮಾನ್ಯವಾಗಿ 3 ಅಡಿ, 5 ಅಡಿ ಧ್ವಜಕ್ಕೆ ಮಾಡಿದ್ದನ್ನು ತಂದು ಪೇಚಾಡುತ್ತಾರೆ. ಅಳತೆ ಓದಿ ತನ್ನಿ. ಹತ್ತಿಯ ಧ್ವಜ, ಬಿಸಿಲು ಮಳೆಗೆ ಅಂಗಳದಲ್ಲಿ ಹಾರಿಸಬೇಡಿ.

ಆಮೇಲೆ ಒಂಬತ್ತು ದಿನದ ಪ್ರಾರ್ಥನೆ, ‘ಪಸಿಯಾಮ್’. ನಲವತ್ತನೆಯ ದಿನಕ್ಕೊಂದು, ವರ್ಷ ತುಂಬಿದಾಗ ‘ಬಾಬಾಂಗ್ ಲುಕ್ಸಾ’, ಶೋಕ ಇಳಿಸುವ ದಿನ. ಬರೆದದ್ದನ್ನು ಓದಲು ಈ ಸಂಜೆಗಳೇ ಒಳ್ಳೆಯವು, ಮಣ್ಣಿನ ದಿನ ಯಾರಿಗೂ ಕಿವಿ ಇರುವುದಿಲ್ಲ. ಜಾಗರಣೆಗೆ ಹೋದಾಗ ಲಕೋಟೆಯಲ್ಲಿ ‘ಅಬುಲೊಯ್’ ಹಣ ಇಡುವುದು ರೂಢಿ. ಹೊರಡುವಾಗ ಮನೆಯವರು ಬಾಗಿಲವರೆಗೆ ಬಂದು ಕಳಿಸಿಕೊಡುವುದಿಲ್ಲ. ಸಾವಿನ ಮನೆಯಲ್ಲಿ ‘ಬರ್ತೀನಿ’ ಎನ್ನದೆ ಎದ್ದು ಬರುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.