ನಿಲಂ ಅಂದರೆ ನೆಲ ಅಲ್ಲ

ಫೆಬ್ರವರಿ ಕೊನೆಯ ಒಂದು ಸಂಜೆ ನಮ್ಮ ಮನೆ ಓನರಿನ ಉಮ್ಮ ಬಂದು ಜಗಲಿಯಲ್ಲಿ ಕುಳಿತರು. ಚಾ ಕುಡಿದರು, ಮಕ್ಕಳ ಪರೀಕ್ಷೆ ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು. ಮಗ ದುಬೈ ಬಿಟ್ಟು ಊರಿಗೆ ಬರುತ್ತಿದ್ದಾನೆ. "ಮೇ ತಿಂಗಳವರೆಗೆ ಇರಿ ಟೀಚರೇ. ಮತ್ತೆ ಮನೆ ನಮಗೆ ಬೇಕಾಗ್ತದೆ."

ಕಾಸರಗೋಡಿನ ಕುಂಬಳೆಯ ಆ ಮನೆಯಲ್ಲಿ ನಾವು ಒಂಬತ್ತು ವರ್ಷ ಇದ್ದೆವು. ಹನ್ನೊಂದು ತಿಂಗಳ ಕರಾರು, ಮುಗಿದಾಗಲೆಲ್ಲ ಹೊಸದು. ಅದನ್ನು ಯಾರೂ ಸರಿಯಾಗಿ ಓದಿಯೂ ಇರಲಿಲ್ಲ. ಉಮ್ಮನ ಮೇಲೆ ನನಗೆ ಬೇಜಾರಿಲ್ಲ. ಅವರ ಮನೆ, ಅವರ ಮಗ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಪೆರ್ಲದಲ್ಲಿರುವ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಮತ್ತೆ ಹೇಳಿದರು: "ಬಾಡಿಗೆ ಅಂದರೆ ಚಾಲಗೇಣಿಯೇ ಮಗಾ."

ಈ ಮಾತಿನ ಭಾರ ನಮ್ಮ ಕಡೆಯವರಿಗೆ ಗೊತ್ತು. ಮೂಲಗೇಣಿಯಾದರೆ ಒಕ್ಕಲಿಗೆ ಜಾಗ ಕಾಯಂ. ಚಾಲಗೇಣಿಯಾದರೆ ಹಾಗಲ್ಲ, ಧಣಿಗಳು ಬೇಡ ಅಂದರೆ ಬಿಟ್ಟು ಹೋಗಬೇಕು. ನನ್ನ ಅಜ್ಜ ಚಾಲಗೇಣಿ ಒಕ್ಕಲು. ವರ್ಷ ವರ್ಷ ಅಕ್ಕಿ ಮುಡಿ ಕಟ್ಟಿ ಧಣಿಗಳ ಮನೆಗೆ ಹೊತ್ತವರು. 1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಪದ್ಧತಿಯೇ ಹೋಯಿತು. ಆಮೇಲೆ ಅಜ್ಜನ ಕೈಗೂ ಪಟ್ಟಯ, ಅಂದರೆ ಜಾಗದ ಹಕ್ಕುಪತ್ರ, ಬಂತು. 1 ಎಕರೆ 60 ಸೆಂಟ್ಸ್. ಅದು ಐದು ಮಕ್ಕಳಿಗೆ ಪಾಲಾಗಿ ಅಪ್ಪನಿಗೆ ಸಿಕ್ಕಿದ್ದು 32 ಸೆಂಟ್ಸ್. ಅದರಲ್ಲಿ ಈಗ ಅಣ್ಣನ ಮನೆ ಉಂಟು. ಅಪ್ಪನಿಗೆ ಸ್ವಂತ ಜಾಗ ಅನ್ನುವುದು ಆಸೆ ಅಲ್ಲ, ಧೈರ್ಯ. ಅದನ್ನು ನಾನು ಯಾವತ್ತೂ ಹಗುರವಾಗಿ ತೆಗೆದುಕೊಂಡಿಲ್ಲ.

ಹಾಗಾಗಿ ಜಾಗ ಹುಡುಕಲು ಶುರು ಮಾಡಿದೆವು. ನೀರ್ಚಾಲು ಕಡೆ 10 ಸೆಂಟ್ಸ್ ಇದೆ ಅಂತ ಒಬ್ಬ ಬ್ರೋಕರ್ ಹೇಳಿದರು. ಸೆಂಟ್ಸಿಗೆ 1 ಲಕ್ಷದ 80 ಸಾವಿರ. ನನ್ನ ಗಂಡ ರಾತ್ರಿ ಮಗಳ ರಫ್ ಪುಸ್ತಕದಲ್ಲಿ ಲೆಕ್ಕ ಹಾಕಿದರು. ಜಾಗಕ್ಕೆ 18 ಲಕ್ಷ. ರಿಜಿಸ್ಟ್ರಿಗೆ ಸ್ಟಾಂಪ್ ಡ್ಯೂಟಿ ನೂರಕ್ಕೆ 8, ಫೀಸು ನೂರಕ್ಕೆ 2, ಅಂದರೆ 1 ಲಕ್ಷದ 80 ಸಾವಿರ. ಸಾವಿರ ಚದರಡಿಯ ಮನೆಗೆ ಕಡಿಮೆ ಅಂದರೂ 22 ಲಕ್ಷ. ನಮ್ಮ ಉಳಿತಾಯ, ನನ್ನ ಬಂಗಾರ, ಎಲ್ಲ ಸೇರಿಸಿದರೆ 17 ಲಕ್ಷದ ಹತ್ತಿರ. ಉಳಿದ 25 ಲಕ್ಷ ಸಾಲ.

ಬ್ಯಾಂಕಿನಲ್ಲಿ ನೂರಕ್ಕೆ ಎಂಟೂವರೆ ಬಡ್ಡಿ, 20 ವರ್ಷ ಅಂದರು. ತಿಂಗಳ ಕಂತು 21,696 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 17,708 ಬರೀ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು ನಾಲ್ಕು ಸಾವಿರಕ್ಕೂ ಕಡಿಮೆ. 20 ವರ್ಷದಲ್ಲಿ ಬಡ್ಡಿಯೇ 27 ಲಕ್ಷ. ನಾವು ಕೊಡುತ್ತಿದ್ದ ಬಾಡಿಗೆ 7,500. ಬಾಡಿಗೆ ಏರದೇ ಇದ್ದರೆ 20 ವರ್ಷಕ್ಕೆ 18 ಲಕ್ಷ. ಏರಿಯೇ ಏರುತ್ತದೆ, ಆದರೂ ಎರಡರ ನಡುವೆ ದೊಡ್ಡ ಅಂತರ. ಮನೆ ಕಟ್ಟಿ ಮುಗಿಯುವವರೆಗೆ ಬಾಡಿಗೆಯೂ ಕೊಡಬೇಕು, ಕಂತೂ ಶುರುವಾಗಿರುತ್ತದೆ. ಇದನ್ನು ತುಂಬ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇವರು ಪೆನ್ನು ಕೆಳಗಿಟ್ಟು, "ಕಷ್ಟ. ಆದರೆ ಆಗ್ತದೆ" ಎಂದರು. ಇವರು ದಿನಾ ಬೆಳಗ್ಗೆ ಮಂಗಳೂರಿಗೆ ರೈಲು ಹಿಡಿಯುವವರು. ನೀರ್ಚಾಲಿಗೆ ಹೋದರೆ ಮೊದಲು ಬಸ್ಸು, ಆಮೇಲೆ ಕುಂಬಳೆಯಿಂದ ರೈಲು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮಾರ್ಚ್ ಎರಡನೇ ಆದಿತ್ಯವಾರ ಅಪ್ಪನನ್ನೂ ಕರೆದುಕೊಂಡು ಹೋದೆವು. ಜಾಗ ಕಣ್ಣಿಗೆ ಚೆಂದವೇ ಇತ್ತು. ಕೆಂಪು ಮಣ್ಣು, ಚಪ್ಪಟೆ ನೆಲ, ಒಂದು ಬದಿಯಲ್ಲಿ ಹತ್ತು ಹದಿನೈದು ಅಡಿಕೆ ಸಸಿ. ಪಕ್ಕದಲ್ಲಿ ಒಣಗಿದ ತೋಡು. ಬ್ರೋಕರ್ ಬಾವಿ ತೋರಿಸಿ, "ನಾಲ್ಕು ಕೋಲಿಗೇ ನೀರು ಟೀಚರೇ, ಈ ಬಿಸಿಲಲ್ಲಿ!" ಎಂದರು. ನನಗೆ ಖುಷಿಯಾಯಿತು. ನಾನು ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರಲ್ಲಿ ಬೆಳೆದವಳು. ಏಪ್ರಿಲ್ ಬಂತು ಅಂದರೆ ಕೊಡ ತುಂಬಲು ಎಷ್ಟು ಹೊತ್ತು ಕಾಯಬೇಕು ಅಂತ ನನಗೆ ಗೊತ್ತು. ಆದರೆ ಅಪ್ಪ ಬಾವಿಯೊಳಗೆ ನೋಡಿದವರು ಸುಮ್ಮನಾದರು. ಆಮೇಲೆ ಸುತ್ತಲಿನ ಗುಡ್ಡ ನೋಡಿದರು. ಮೂರು ಕಡೆಯೂ ಗುಡ್ಡ.

ಬ್ರೋಕರ್ ಆಧಾರದ, ಅಂದರೆ ಜಾಗದ ದಸ್ತಾವೇಜಿನ, ಜೆರಾಕ್ಸ್ ಕೊಟ್ಟರು. ಎಲ್ಲ ಮಲಯಾಳಂ. ನಾವಿಬ್ಬರೂ ಕನ್ನಡ ಮಾಧ್ಯಮದವರು. ಮಲಯಾಳಂ ಮಾತಾಡುತ್ತೇವೆ, ಓದುವುದಾದರೆ ಬಸ್ಸಿನ ಬೋರ್ಡು ಓದುವಷ್ಟು. ಇವರು ಅಕ್ಷರ ಕೂಡಿಸಿ ಓದಿದರು. ಸರ್ವೆ ನಂಬ್ರ, ವಿಸ್ತೀರ್ಣ, ತರ. ತರ ಅಂದರೆ ಜಾಗ ಯಾವ ಬಗೆಯದು ಅಂತ. ಅಲ್ಲಿ ಒಂದೇ ಪದ: ನಿಲಂ. "ನಿಲಂ ಅಂದರೆ ನೆಲ ಅಲ್ವಾ?" ಎಂದರು. ನಾನೂ ಹೌದು ಎಂದೆ. ನಮ್ಮ ಕಿವಿಗೆ ಅದು ಹಾಗೇ ಕೇಳುತ್ತದೆ. ಮರುದಿನ 50 ಸಾವಿರ ಅಡ್ವಾನ್ಸ್ ಕೊಡುವುದು ಅಂತ ಮಾತಾಯಿತು.

ಹೊರಡುವ ಹೊತ್ತಿಗೆ ಅಪ್ಪ, ಜಾಗದ ಹಿರಿಯರನ್ನು ಒಮ್ಮೆ ನೋಡಬೇಕು ಎಂದರು. ಹತ್ತಿರವೇ ಮನೆ. ಎಂಬತ್ತು ದಾಟಿದವರು, ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಾ ಕುಳಿತಿದ್ದರು. ಹಳೆ ಆಧಾರ ಉಂಟಾ ಅಂತ ಅಪ್ಪ ತುಳುವಿನಲ್ಲಿ ಕೇಳಿದರು. ಅವರು ಒಳಗಿನಿಂದ ತಗಡಿನ ಪೆಟ್ಟಿಗೆ ತರಿಸಿದರು. "ಇದನ್ನು ನಮ್ಮ ಮಕ್ಕಳಿಗೆ ಓದಲು ಬರುವುದಿಲ್ಲ. ನೀವು ಟೀಚರ್ ಅಲ್ವಾ, ಓದಿ ನೋಡಿ" ಎಂದರು.

1938ರ ಆಧಾರ. ಮದ್ರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು. ಕೈಬರಹದ ಕನ್ನಡ, ಅಕ್ಷರ ಒಂದಕ್ಕೊಂದು ಹೆಣೆದುಕೊಂಡಿತ್ತು. ಬೆರಳಿಟ್ಟು ಮೆಲ್ಲ ಮೆಲ್ಲ ಓದಿದೆ. ಈಗಿನ ಕಾಗದ ನಮಗೆ ಓದಲು ಬರುವುದಿಲ್ಲ, ಹಳೆಯದು ಅವರ ಮಕ್ಕಳಿಗೆ ಬರುವುದಿಲ್ಲ. ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ 1956ರ ಗೆರೆ ಹೀಗೆ ಒಂದೇ ಜಾಗದ ಎರಡು ಕಾಗದದ ನಡುವೆಯೂ ಹಾದುಹೋಗಿದೆ ಅಂತ ಆ ಜಗಲಿಯಲ್ಲಿ ಅನಿಸಿತು. ಮನಸ್ಸಿಗೆ ನೋವಾಯಿತು.

ಚೆಕ್ಕುಬಂದಿಯಲ್ಲಿ ಮೂಡು ಬದಿಗೆ ತೋಡು ಅಂತ ಇತ್ತು. ಮುಂದಿನ ಸಾಲಿನಲ್ಲಿ "ನಂಜ, ಬೈಲು ಗದ್ದೆ" ಅಂತ ಇತ್ತು. ನಂಜ ಅಂದರೆ ನೀರಿನ ಗದ್ದೆ.

ನಾನು ಅದನ್ನು ಗಟ್ಟಿಯಾಗಿ ಓದಿದ್ದೇ ಅಪ್ಪ ತಲೆ ಎತ್ತಿದರು. ಬೆಟ್ಟು ಅಂದರೆ ಮೇಲಿನ ಗದ್ದೆ, ಮಳೆಗೆ ಒಂದು ಬೆಳೆ. ಮಜಲಿನಲ್ಲಿ ಎರಡು ಬೆಳೆ. ಬೈಲು ಅಂದರೆ ಎಲ್ಲಕ್ಕಿಂತ ಕೆಳಗೆ, ನೀರು ನಿಲ್ಲುವಲ್ಲಿ. "ಇಲ್ಲಿ ಕೊಳಕೆ ಬೆಳೀತಿತ್ತಾ?" ಅಂತ ಅಪ್ಪ ಕೇಳಿದರು. ಕೊಳಕೆ ಅಂದರೆ ಬೇಸಗೆಯ ಮೂರನೇ ಬೆಳೆ. ಹಿರಿಯರ ಮುಖ ಅರಳಿತು. "ಏಣೆಲು, ಸುಗ್ಗಿ, ಕೊಳಕೆ, ಮೂರೂ! ನಾನೇ ಉತ್ತದ್ದು. ಮಣ್ಣು ತುಂಬಿಸಿದ್ದು ಈಚೆಗೆ ಮಕ್ಕಳು." ಅವರು ಏನೂ ಮುಚ್ಚಿಡಲಿಲ್ಲ. ಕೇಳಬೇಕಾದವರು ನಾವು, ನಾವೇ ಅಲ್ಲಿವರೆಗೆ ಕೇಳಿರಲಿಲ್ಲ.

ಸೋಮವಾರ ಶಾಲೆಗೆ ಅರ್ಧ ದಿನ ರಜೆ ಹಾಕಿ ಕೃಷಿ ಭವನಕ್ಕೆ ಹೋದೆ. ಸರ್ವೆ ನಂಬ್ರ ಕೊಟ್ಟೆ. ಅಲ್ಲಿದ್ದವರು ನೋಡಿ ಹೇಳಿದರು: ನಿಲಂ ಅಂದರೆ ಭತ್ತದ ಗದ್ದೆ. ಮನೆ ಕಟ್ಟುವ ಜಾಗಕ್ಕೆ ಪುರಯಿಡಂ ಅಂತ ಇರಬೇಕು. ಇದು ಡಾಟಾ ಬ್ಯಾಂಕಿನಲ್ಲೂ ಉಂಟು. 2008ರಲ್ಲಿ ಗದ್ದೆ ಉಳಿಸಲು ಕೇರಳದಲ್ಲಿ ಕಾನೂನು ಬಂತಲ್ಲ, ಅದರಂತೆ ಪ್ರತಿ ಪಂಚಾಯತಿನ ಗದ್ದೆಗಳ ಪಟ್ಟಿ ಅದು. ಅದರಿಂದ ಹೊರಗೆ ತರಬೇಕಾದರೆ ಫಾರಂ 5 ತುಂಬಿ ಕಂದಾಯ ಇಲಾಖೆಗೆ ಅರ್ಜಿ ಕೊಡಬೇಕು. ಅದು ಆದ ಮೇಲೆ ತರ ಬದಲಿಸಲು ಇನ್ನೊಂದು ಅರ್ಜಿ, ಫಾರಂ 6. ಆಗುತ್ತದೆ ಅಂತ ಯಾರೂ ಮಾತು ಕೊಡುವ ಹಾಗಿಲ್ಲ. ಅಲ್ಲಿವರೆಗೆ ಕಟ್ಟಲು ಪರ್ಮಿಟ್ ಇಲ್ಲ. ಪರ್ಮಿಟ್ ಇಲ್ಲದಿದ್ದರೆ ಮನೆ ಸಾಲವೂ ಇಲ್ಲ.

ಬ್ರೋಕರಿಗೆ ಫೋನ್ ಮಾಡಿದೆ. "ಅದೆಲ್ಲ ಮಾಡಿಸುವ ಟೀಚರೇ, ಎಲ್ಲರೂ ಹಾಗೇ ಮಾಡೋದು" ಎಂದರು. ನಾನು ಬೇಡ ಎಂದೆ. ನನ್ನ ಸ್ವರ ನಡುಗುತ್ತಿತ್ತು. ಕಾನೂನಿನ ಹೆದರಿಕೆ ಇತ್ತು, ನಿಜ. ಅದಕ್ಕಿಂತ ಜಾಸ್ತಿ, ಮೂರು ಗುಡ್ಡದ ನೀರು ಬಂದು ನಿಲ್ಲುವ ಜಾಗದಲ್ಲಿ ನನ್ನ ಮಕ್ಕಳ ಹಾಸಿಗೆ ಹಾಸಲು ನನಗೆ ಮನಸ್ಸಾಗಲಿಲ್ಲ. ನೀರಿಗೂ ಒಂದು ಜಾಗ ಬೇಕಲ್ಲ. ಆ ತೋಡಿನ ಕೆಳಗೆ ಎಷ್ಟೋ ಮನೆಯ ಬಾವಿಗಳಿವೆ.

ಮೇ ಕೊನೆಗೆ ಸೀತಾಂಗೋಳಿ ಹತ್ತಿರ ಬೇರೆ ಬಾಡಿಗೆ ಮನೆಗೆ ಬಂದೆವು. ಬಾಡಿಗೆ 8,500. ಈ ಸಲ ಕರಾರನ್ನು ಒಂದೊಂದೇ ಸಾಲು ಓದಿದೆ. ಬಿಡಿಸುವುದಾದರೆ ಆರು ತಿಂಗಳು ಮೊದಲೇ ಹೇಳಬೇಕು ಅಂತ ಬರೆಸಿದೆ. ಓನರ್ ಒಪ್ಪಿದರು. ಕೇಳಿದರೆ ಒಪ್ಪುತ್ತಾರೆ ಅಂತ ಒಂಬತ್ತು ವರ್ಷ ನನಗೆ ಹೊಳೆದೇ ಇರಲಿಲ್ಲ. ಕಂತು ಕಟ್ಟಿದ್ದೇವೆ ಅಂದುಕೊಂಡು ತಿಂಗಳಿಗೆ 12 ಸಾವಿರ ಬೇರೆ ಇಡುತ್ತಿದ್ದೇವೆ. ಸಾಲ ಕಡಿಮೆಯಾದಷ್ಟು ಒಳ್ಳೆಯದು.

ಅಪ್ಪ ಜೂನಿನಲ್ಲಿ ಬಂದು ಹಿತ್ತಿಲಲ್ಲಿ ಬಸಳೆ ಚಪ್ಪರ ಹಾಕಿಕೊಟ್ಟರು. ಮತ್ತೆ ಚಾಲಗೇಣಿಯ ಮಾತು ತೆಗೆಯಲಿಲ್ಲ. ಒಂದು ಮಾತು ಮಾತ್ರ ಹೇಳಿದರು: "ಜಾಗ ನೋಡುವುದಾದರೆ ಆಟಿ ತಿಂಗಳ ಮಳೆಯಲ್ಲಿ ನೋಡು. ಬಾವಿ ನೋಡುವುದಾದರೆ ಏಪ್ರಿಲಿನಲ್ಲಿ ನೋಡು."

ಬದಿಯಡ್ಕ ಹತ್ತಿರ 7 ಸೆಂಟ್ಸ್ ಒಂದು ಉಂಟು. ತರ ಪುರಯಿಡಂ, ಕೃಷಿ ಭವನದಲ್ಲೂ ಕೇಳಿ ಆಗಿದೆ. ಆಟಿಯ ಜಡಿಮಳೆಯಲ್ಲಿ ಕೊಡೆ ಹಿಡಿದು ನಾವು ಮೂವರೂ ಹೋಗಿ ನಿಂತು ನೋಡಿದೆವು. ನೀರು ಹರಿದು ಹೋಗುತ್ತಿತ್ತು, ಎಲ್ಲೂ ನಿಲ್ಲಲಿಲ್ಲ. ಬಾವಿ ನೋಡಲು ಇನ್ನು ಏಪ್ರಿಲ್ ಬರಬೇಕು.